ಇಂಟರ್‌ಪ್ರಿಟರ್ ಬೇಕಾಗಿರುವುದು ಯಾರಿಗೆ?

ನಾನು ಸನ್ನೆ ಭಾಷೆಯ ಇಂಟರ್‌ಪ್ರಿಟರ್. ಮೇಷ್ಟ್ರ ಮಾತನ್ನು ಕಿವುಡ ವಿದ್ಯಾರ್ಥಿಗೆ ಸನ್ನೆಯಲ್ಲಿ, ವಿದ್ಯಾರ್ಥಿಯ ಸನ್ನೆಯನ್ನು ಮೇಷ್ಟ್ರಿಗೆ ಮಾತಿನಲ್ಲಿ ತಲುಪಿಸುವುದು ನನ್ನ ಕೆಲಸ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಪರಿಚಯ ಮಾಡಿಕೊಡುವಾಗ ಹೆಚ್ಚಾಗಿ ಒಂದೇ ಮಾತು ಬರುತ್ತದೆ. "ಇವರು ಆ ಡೆಫ್ ಹುಡುಗಿಗೆ ಹೆಲ್ಪ್ ಮಾಡೋಕೆ ಬರ್ತಾರೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆದರೆ ಒಳಗೊಳಗೇ ಅನ್ನಿಸುತ್ತದೆ: ಸಾರ್, ಅವಳಿಗೆ ನಿಮ್ಮ ಮಾತು ಕೇಳಿಸುವುದಿಲ್ಲ ನಿಜ, ಆದರೆ ಅವಳ ಮಾತು ನಿಮ್ಮ ಕಣ್ಣೆದುರೇ ಇದ್ದರೂ ನಿಮಗೆ ಅರ್ಥವಾಗುವುದಿಲ್ಲ, ಹಾಗಿರುವಾಗ ನಾನು ಅವಳೊಬ್ಬಳಿಗೆ ಮಾತ್ರ ಹೇಗೆ ಹೆಲ್ಪ್ ಆದೆ?

ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಇಂಟರ್‌ಪ್ರಿಟರ್ ಯಾರಿಗಾಗಿ ಇದ್ದಾರೆ ಎಂದು ಕಾಲೇಜು ಅಂದುಕೊಂಡಿದೆ ಅನ್ನುವುದರ ಮೇಲೆ ದುಡ್ಡು ಯಾರು ಕೊಡಬೇಕು, ಪಾಠದ ವೇಗ ಯಾರಿಗಾಗಿ ಬದಲಾಗಬೇಕು, ಪರೀಕ್ಷೆಯಲ್ಲಿ ಯಾರನ್ನು ಅನುಮಾನಿಸಬೇಕು ಎಲ್ಲವೂ ನಿಂತಿದೆ.

ನನ್ನ ಬಗ್ಗೆ ಎರಡು ಮಾತು. ನನ್ನ ಅಣ್ಣ ಕಿವುಡ. ಮನೆಯಲ್ಲಿ ನಮ್ಮದೇ ಒಂದಿಷ್ಟು ಸನ್ನೆಗಳಿದ್ದವು. ಊಟ, ನಿದ್ದೆ, ಅಪ್ಪ ಬಂದರು, ಬೈಸಿಕೊಳ್ಳುತ್ತೀಯ, ಇಷ್ಟರಲ್ಲೇ ಸಂಸಾರ ನಡೆಯುತ್ತಿತ್ತು. ನಿಜವಾದ ಭಾರತೀಯ ಸನ್ನೆ ಭಾಷೆ, ಅಂದರೆ ಎಲ್ಲರೂ ಐಎಸ್‌ಎಲ್ ಅನ್ನುವುದು, ಅಣ್ಣನಿಗೆ ಸಿಕ್ಕಿದ್ದು ದೊಡ್ಡವನಾದ ಮೇಲೆ ಕಿವುಡರ ಸಂಘದಲ್ಲಿ. ಅವನ ಬೆನ್ನು ಹತ್ತಿ ಹೋದ ನನಗೂ ಅಲ್ಲೇ ಸಿಕ್ಕಿತು. ಆಮೇಲೆ ಡಿಪ್ಲೊಮಾ ಮಾಡಿದೆ. ಈಗ ಬೆಂಗಳೂರಿನಲ್ಲಿ ಡಿಗ್ರಿ ಕ್ಲಾಸುಗಳಿಗೆ ಹೋಗುತ್ತೇನೆ, ಹೆಚ್ಚಾಗಿ ಬಿ.ಕಾಂ. ಸ್ಟಾಫ್ ರೂಮಿನವರು ಹೇಳುವ ಆ ಹುಡುಗಿ ಇರುವುದೂ ಅಲ್ಲೇ.

ಕ್ಲಾಸಿನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದವರಿಗೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಕೈ ಆಡಿಸುತ್ತಾರೆ, ಮುಗಿಯಿತು ಅನ್ನಿಸುತ್ತದೆ.

ಕೇಳಿಸುವ ವಿದ್ಯಾರ್ಥಿ ಬೋರ್ಡ್ ನೋಡುತ್ತಾ ಪಾಠ ಕೇಳುತ್ತಾನೆ, ನೋಟ್ಸ್ ಬರೆಯುತ್ತಾ ಕೇಳುತ್ತಾನೆ, ಕಿಟಕಿ ನೋಡುತ್ತಾ ಕೂಡ ಅರ್ಧ ಕೇಳುತ್ತಾನೆ. ಕಿವುಡ ವಿದ್ಯಾರ್ಥಿಗೆ ಕೇಳುವುದೂ ಕಣ್ಣಿನಿಂದಲೇ. ನನ್ನನ್ನು ನೋಡಿದರೆ ಬೋರ್ಡ್ ಹೋಯಿತು. ಬೋರ್ಡ್ ನೋಡಿದರೆ ನಾನು ಹೋದೆ. ತಲೆ ಬಗ್ಗಿಸಿ ಬರೆಯಲು ಶುರು ಮಾಡಿದರೆ ಎರಡೂ ಹೋದವು. ಅಕೌಂಟ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಜರ್ನಲ್ ಎಂಟ್ರಿ ಬರೆಯುತ್ತಾ, ನಮಗೆ ಬೆನ್ನು ತೋರಿಸಿ, "ನೋಡಿ ಇದನ್ನ ಇಲ್ಲಿಗೆ ತಂದು, ಇದನ್ನ ಅಲ್ಲಿ ಕಳೆದ್ರೆ" ಅಂದಾಗ ನನ್ನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಯಾವ ಇದು? ಯಾವ ಅಲ್ಲಿ? ನಾನು ಅವರ ಬೆರಳು ಎಲ್ಲಿದೆ ಅಂತ ತಿರುಗಿ ನೋಡಬೇಕು, ಅಷ್ಟರಲ್ಲಿ ಅವರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಪಾಪ, ಅವರು ಇಷ್ಟು ವರ್ಷ ಹೀಗೇ ಪಾಠ ಮಾಡಿದ್ದಾರೆ, ಯಾರೂ ದೂರಿಲ್ಲ.

ಇನ್ನು ಹಿಂದೆ ಬೀಳುವುದು. ಮಾತು ಕೇಳಿ, ಅದರ ಅರ್ಥ ಹಿಡಿದು, ಸನ್ನೆಗೆ ತರಲು ಕೆಲವು ಸೆಕೆಂಡು ಬೇಕು. ಬೇಗ ಬೇಗ ಮಾಡಿದರೆ ತಪ್ಪು ಜಾಸ್ತಿ, ಯಾಕೆಂದರೆ ವಾಕ್ಯ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುವ ಮೊದಲೇ ಕೈ ಹೊರಟಿರುತ್ತದೆ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಇಂಗ್ಲಿಷಿನ ಪದಗಳನ್ನು ಒಂದರ ಹಿಂದೆ ಒಂದು ಕೈಯಲ್ಲಿ ತೋರಿಸುವುದಲ್ಲ. ಐಎಸ್‌ಎಲ್‌ನಲ್ಲಿ ಪ್ರಶ್ನೆಯ ಪದ ಕೊನೆಗೆ ಬರುತ್ತದೆ, ಬೇಡ-ಇಲ್ಲ ಕೂಡ ಕೊನೆಗೆ. ಹುಬ್ಬು, ಬಾಯಿ, ತಲೆ ಎಲ್ಲವೂ ವಾಕ್ಯದ ಭಾಗ. ಹೀಗಾಗಿ ಮೇಷ್ಟ್ರು "ಎನಿ ಡೌಟ್ಸ್?" ಅಂತ ಕೇಳಿ, ಎರಡು ಸೆಕೆಂಡು ಕಾದು, "ಓಕೆ, ನೆಕ್ಸ್ಟ್" ಅಂದಾಗ ನನ್ನ ಕೈಯಲ್ಲಿ ಡೌಟ್ಸ್ ಇನ್ನೂ ಶುರುವಾಗಿರುತ್ತದೆ. ಅವಳು ಕೈ ಎತ್ತುವ ಹೊತ್ತಿಗೆ ಕ್ಲಾಸು ಮುಂದಿನ ಪುಟದಲ್ಲಿ. ಒಂದು ಸೆಮಿಸ್ಟರ್ ಪೂರ್ತಿ ಪ್ರಶ್ನೆ ಕೇಳದ ವಿದ್ಯಾರ್ಥಿಯನ್ನು ನಮ್ಮಲ್ಲಿ 'ಸೈಲೆಂಟ್ ಸ್ಟೂಡೆಂಟ್' ಅನ್ನುತ್ತಾರೆ. ತಾಂತ್ರಿಕವಾಗಿ ಸರಿ.

ನಮ್ಮ ಕಡೆಯ ಕ್ಲಾಸುಗಳಲ್ಲಿ ಇನ್ನೊಂದು ಮಜಾ ಇದೆ. ಪಠ್ಯ ಇಂಗ್ಲಿಷಿನಲ್ಲಿ. ವಿವರಣೆ ಕನ್ನಡದಲ್ಲಿ. ಬೈಗುಳ ಅಚ್ಚ ಕನ್ನಡದಲ್ಲಿ. ಮಧ್ಯೆ ಒಂದು ಸಿನಿಮಾ ಡೈಲಾಗ್. ಇವೆಲ್ಲ ಒಂದೇ ವಾಕ್ಯದಲ್ಲಿ ಬಂದರೂ ಬರಬಹುದು. ಪರೀಕ್ಷೆ ಇಂಗ್ಲಿಷಿನಲ್ಲಿ ಆದ್ದರಿಂದ ಮುಖ್ಯ ಪದಗಳನ್ನು ಇಂಗ್ಲಿಷಿನಲ್ಲೇ ಬೆರಳಿನಿಂದ ಅಕ್ಷರ ಬಿಡಿಸಿ ತೋರಿಸಬೇಕು. ಐಎಸ್‌ಎಲ್‌ನಲ್ಲಿ ಇದಕ್ಕೆ ಎರಡೂ ಕೈ ಬೇಕು, ಇಂಗ್ಲಿಷಿನ ಐದು ಸ್ವರಗಳಿಗೆ ಒಂದು ಕೈಯ ಐದು ಬೆರಳ ತುದಿಗಳೇ ಜಾಗ. ಡಿಪ್ರಿಸಿಯೇಶನ್, ಅಂದರೆ ವರ್ಷ ಕಳೆದಂತೆ ವಸ್ತುವಿನ ಬೆಲೆ ಇಳಿಯುವ ಸವಕಳಿ, ಇಂಗ್ಲಿಷಿನಲ್ಲಿ 12 ಅಕ್ಷರ. ಒಂದು ಗಂಟೆಯ ಪಾಠದಲ್ಲಿ ಆ ಪದ ಎಷ್ಟು ಸಲ ಬರುತ್ತದೆ ಯೋಚಿಸಿ.

ಅದಕ್ಕೇ ನಾನೂ ಅವಳೂ ಪಾಠಕ್ಕೆ ಮೊದಲೇ ಕೂತು ಸನ್ನೆ ಗೊತ್ತು ಮಾಡಿಕೊಳ್ಳುತ್ತೇವೆ. ಗೊತ್ತು ಮಾಡುವುದು ಹೆಚ್ಚಾಗಿ ಅವಳೇ, ಭಾಷೆ ಅವಳದ್ದಲ್ಲವಾ. ಡಿಪ್ರಿಸಿಯೇಶನ್‌ಗೆ ಅವಳು ಮೆಷಿನ್ ತೋರಿಸಿ, ಅದರ ಬೆಲೆಯನ್ನು ಅಂಗೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಳು. ಆಮೇಲೆ ಎರಡು ಪದ್ಧತಿಗಳು ಬಂದವು. ಒಂದು ಲಕ್ಷದ ಮೆಷಿನ್, 10% ಸವಕಳಿ ಅಂದುಕೊಳ್ಳಿ. ಸ್ಟ್ರೇಟ್ ಲೈನ್ ಪದ್ಧತಿಯಲ್ಲಿ ವರ್ಷಕ್ಕೆ 10,000 ದಂತೆ ಸಮ ಇಳಿಕೆ. ರಿಟನ್ ಡೌನ್ ವ್ಯಾಲ್ಯೂನಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ 10%, ಹಾಗಾಗಿ ಮೊದಲ ವರ್ಷ 10,000, ಆಮೇಲೆ 9,000, ಆಮೇಲೆ 8,100. ಅವಳ ಕೈಯಲ್ಲಿ ಮೊದಲನೆಯದು ಒಂದೇ ಎತ್ತರದ ಮೆಟ್ಟಿಲುಗಳು, ಎರಡನೆಯದು ಕೆಳಗೆ ಹೋದಂತೆ ಚಿಕ್ಕದಾಗುವ ಮೆಟ್ಟಿಲುಗಳು. ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ವ್ಯತ್ಯಾಸ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಆಗ. ಮುಂದಿನ ಬೆಂಚಿನ ಹುಡುಗರು ಈಗ ಒಬ್ಬರಿಗೊಬ್ಬರು ಅದೇ ಸನ್ನೆ ಮಾಡಿಕೊಳ್ಳುತ್ತಾರೆ, ಇಂಟರ್ನಲ್ ಟೆಸ್ಟಿನ ಮಧ್ಯೆ ಕೂಡ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಒಂದು ನಿಘಂಟು ಮಾಡಿದೆ. 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಪದ ಮುಟ್ಟಿತು. ಎಲ್ಲವೂ ವಿಡಿಯೋ. ದೊಡ್ಡ ಕೆಲಸ, ನಾನು ದಿನಾ ಬಳಸುತ್ತೇನೆ. ಶಾಲೆಯ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದವೂ ಆಯಿತು. ಆದರೆ ಕಾಸ್ಟ್ ಅಕೌಂಟಿಂಗ್, ಡೇಟಾ ಸ್ಟ್ರಕ್ಚರ್ ಇಂಥ ಡಿಗ್ರಿ ಪಾಠದ ಪದಗಳನ್ನು ಇವತ್ತಿಗೂ ಎಷ್ಟೋ ಕಡೆ ಕ್ಲಾಸಿನ ಕಾರಿಡಾರಿನಲ್ಲೇ ಕಟ್ಟಿಕೊಳ್ಳಬೇಕು. ಒಂದು ಕಾಲೇಜಿನಲ್ಲಿ ಕಟ್ಟಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಇಂಟರ್‌ಪ್ರಿಟರ್ ಬದಲಾದರೆ ಮತ್ತೆ ಮೊದಲಿನಿಂದ.

ಸುಸ್ತಿನ ವಿಷಯ ಹೇಳಲೇಬೇಕು. ಈ ಕೆಲಸದಲ್ಲಿ ಒಂದು ಗಂಟೆಗಿಂತ ಉದ್ದದ ಪಾಠಕ್ಕೆ ಇಬ್ಬರು ಇರುವುದು, 20 ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳುವುದು ರೂಢಿ. ಕೈ ನೋವಿನ ಮಾತು ಬಿಡಿ, ಮೊದಲು ಸೋಲುವುದು ತಲೆ. ಅರ್ಧ ಗಂಟೆ ದಾಟಿದ ಮೇಲೆ ತಪ್ಪುಗಳು ನುಸುಳುತ್ತವೆ, ಬೇಜಾರಿನ ಸಂಗತಿ ಅಂದರೆ ಮಾಡುವವರಿಗೇ ಅದು ಗೊತ್ತಾಗುವುದಿಲ್ಲ. ಇಬ್ಬರು ಬೇಕು ಅಂದಾಗ ಒಂದು ಕಾಲೇಜಿನ ಆಫೀಸಿನಲ್ಲಿ ಕೇಳಿದರು, "ಒಬ್ರು ಮಾಡ್ತಿರುವಾಗ ಇನ್ನೊಬ್ರು ಸುಮ್ನೆ ಕೂತಿರ್ತಾರಲ್ಲ, ಅದಕ್ಕೂ ದುಡ್ಡು ಕೊಡಬೇಕಾ?" ಸುಮ್ಮನೆ ಕೂತವರು ಕೂತಿಲ್ಲ, ಪಕ್ಕದವರು ಬಿಟ್ಟ ಅಂಕಿಯನ್ನು ಕೊಡುತ್ತಿರುತ್ತಾರೆ, ಮುಂದಿನ ಪದಕ್ಕೆ ಸನ್ನೆ ಹುಡುಕುತ್ತಿರುತ್ತಾರೆ. ಹೇಳಿದೆ. ಒಬ್ಬರೇ ಬಂದರೆ ಸಾಕು ಅಂದರು.

2023ರ ಸೆಪ್ಟೆಂಬರಿನಲ್ಲಿ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಹಾಜರಾದ ಸುದ್ದಿ ನಿಮಗೆ ನೆನಪಿರಬಹುದು. ಕಿವುಡ ವಕೀಲೆ, ಓದಿದ್ದು ನಮ್ಮ ಬೆಂಗಳೂರಿನಲ್ಲೇ. ಆನ್‌ಲೈನ್ ವಿಚಾರಣೆಯಲ್ಲಿ ಇಂಟರ್‌ಪ್ರಿಟರ್ ಸೌರವ್ ರಾಯ್‌ಚೌಧರಿ ಅವರ ಜೊತೆಗಿದ್ದರು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅದಕ್ಕೆ ಅನುಮತಿ ಕೊಟ್ಟರು. ಇಂಟರ್‌ಪ್ರಿಟರ್ ಕೈಯ ವೇಗ ನೋಡಿ ಸಾಲಿಸಿಟರ್ ಜನರಲ್ ಮೆಚ್ಚಿಕೊಂಡರು. ಆ ವಿಡಿಯೋ ನಮ್ಮ ಗ್ರೂಪುಗಳಲ್ಲೆಲ್ಲ ಓಡಾಡಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಮುಂದಿನ ತಿಂಗಳು ಆಗಿದ್ದು. ಕೋರ್ಟೇ ತನ್ನ ಕಡೆಯಿಂದ ಅವರಿಗೆ ಇಂಟರ್‌ಪ್ರಿಟರ್ ನೇಮಿಸಿತು. 2024ರ ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ನಾಗಪ್ರಸನ್ನ ಅವರ ಮುಂದೆಯೂ ಸಾರಾ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದರು.

ಕೋರ್ಟು ಇಲ್ಲಿ ಒಪ್ಪಿಕೊಂಡಿದ್ದು ಏನು? ವಕೀಲರ ಮಾತು ಕೋರ್ಟಿಗೆ ಅರ್ಥವಾಗಬೇಕು, ಆದ್ದರಿಂದ ಇಂಟರ್‌ಪ್ರಿಟರ್ ಕೋರ್ಟಿನ ಅಗತ್ಯ ಕೂಡ. ಕಾಲೇಜುಗಳಿಗೆ ಈ ಲೆಕ್ಕ ಇನ್ನೂ ಬಂದಿಲ್ಲ.

ಇದು ನಮ್ಮ ದೇಶದ ಜಗಳ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1973ರ ಪುನರ್ವಸತಿ ಕಾನೂನಿನ 504ನೇ ಸೆಕ್ಷನ್, ಸರ್ಕಾರದ ದುಡ್ಡು ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅಂದಿತ್ತು. ಕಾನೂನು ಬಂತು, ಬಿಲ್ ಯಾರು ಕಟ್ಟಬೇಕು? ಕ್ಯಾಮೆನಿಶ್ ಎಂಬ ಕಿವುಡ ವಿದ್ಯಾರ್ಥಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುವಾಗ ಇಂಟರ್‌ಪ್ರಿಟರ್ ಕೇಳಿದರು. ವಿಶ್ವವಿದ್ಯಾಲಯ ಖರ್ಚು ಕೊಡುವುದಿಲ್ಲ ಅಂದಿತು. ಕೆಳಗಿನ ಕೋರ್ಟು ಸದ್ಯಕ್ಕೆ ಕೊಡಿ ಎಂದು ಮಧ್ಯಂತರ ಆದೇಶದಲ್ಲಿ ಹೇಳಿತು. ಕೇಸು ಮೇಲೆ ಮೇಲೆ ಹೋಗಿ 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ಮನುಷ್ಯ ಓದು ಮುಗಿಸಿ ಡಿಗ್ರಿ ತಗೊಂಡಾಗಿತ್ತು! ಇನ್ನು ಮಧ್ಯಂತರ ಆದೇಶದ ಪ್ರಶ್ನೆಗೆ ಅರ್ಥವಿಲ್ಲ, ಆ ದುಡ್ಡು ಕೊನೆಗೆ ಯಾರ ತಲೆಗೆ ಅನ್ನುವುದನ್ನು ಕೆಳಗಿನ ಕೋರ್ಟಿನಲ್ಲೇ ತೀರ್ಮಾನ ಮಾಡಿಕೊಳ್ಳಿ ಅಂತ ಕೋರ್ಟು ವಾಪಸ್ ಕಳಿಸಿತು. ನಮ್ಮ ಕಚೇರಿಗಳಲ್ಲಿ ಫೈಲು ಓಡಾಡುವುದು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ 1990ರಲ್ಲಿ ಅಲ್ಲಿ ಇನ್ನೂ ಬಲವಾದ ಕಾನೂನು ಬಂತು. ಈಗ ಅಲ್ಲಿ ಇಂಟರ್‌ಪ್ರಿಟರ್ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಆರ್‌ಐಟಿ ಅಂತ ಒಂದು ವಿಶ್ವವಿದ್ಯಾಲಯ ಇದೆ, ಅದರೊಳಗೆ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ, ಎನ್‌ಟಿಐಡಿ. 1965ರಲ್ಲಿ ಅದಕ್ಕೆ ಕಾನೂನು ಆಯಿತು, 1968ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಅಲ್ಲಿ ಕೆಲಸದಲ್ಲಿರುವ ಇಂಟರ್‌ಪ್ರಿಟರ್‌ಗಳೇ ನೂರಕ್ಕಿಂತ ಹೆಚ್ಚು. ಇನ್ನು ವಾಷಿಂಗ್ಟನ್ನಿನ ಗ್ಯಾಲೋಡೆಟ್‌ನದ್ದು ಬೇರೆ ದಾರಿ. ಲಿಂಕನ್ ಕಾಲದಲ್ಲಿ, 1864ರಲ್ಲಿ, ಡಿಗ್ರಿ ಕೊಡುವ ಹಕ್ಕು ಪಡೆದ ಕಿವುಡರ ವಿಶ್ವವಿದ್ಯಾಲಯ ಅದು. ಅಲ್ಲಿ ಮೇಷ್ಟ್ರೇ ಸನ್ನೆಯಲ್ಲಿ ಪಾಠ ಮಾಡುತ್ತಾರೆ, ಮಧ್ಯೆ ಯಾರೂ ಬೇಕಿಲ್ಲ. ಹಿಮಾಚಲದ ಹಳ್ಳಿಯಲ್ಲಿ ಹುಟ್ಟಿ, 11ನೇ ವಯಸ್ಸಿನಲ್ಲಿ ಕಿವಿ ಕಳೆದುಕೊಂಡ ಮದನ್ ವಸಿಷ್ಠ 1967ರಲ್ಲಿ ಅಲ್ಲಿಗೆ ಓದಲು ಹೋದರು. ಮುಂದೆ ಭಾರತೀಯ ಸನ್ನೆ ಭಾಷೆಯ ಮೇಲೆ ಮೊದಮೊದಲ ಸಂಶೋಧನೆ ಮಾಡಿದವರಲ್ಲಿ ಅವರೂ ಒಬ್ಬರು.

ಒಂದು ನಿಮಿಷ, ಎನ್‌ಟಿಐಡಿಯ ಒಂದು ಸಂಶೋಧನೆ ಬಗ್ಗೆ ಹೇಳಬೇಕು. ನನ್ನ ಹೊಟ್ಟೆಪಾಡಿಗೆ ಅಷ್ಟು ಒಳ್ಳೆಯದಲ್ಲ, ಆದರೂ. ಮಾರ್ಕ್ ಮಾರ್ಷಾರ್ಕ್ ಮತ್ತು ಅವರ ಜೊತೆಯವರು 2005ರಲ್ಲಿ ಪ್ರಕಟಿಸಿದ್ದು. ನುರಿತ ಇಂಟರ್‌ಪ್ರಿಟರ್ ಇದ್ದಾಗಲೂ, ಪಾಠ ಮುಗಿದ ಮೇಲಿನ ಪರೀಕ್ಷೆಯಲ್ಲಿ ಕಿವುಡ ವಿದ್ಯಾರ್ಥಿಗಳು ಕೇಳಿಸುವವರಿಗಿಂತ ಹಿಂದೆ ಬಿದ್ದರು. ಇದನ್ನು ಹಿಡಿದುಕೊಂಡು 'ನೋಡಿ, ಇಂಟರ್‌ಪ್ರಿಟರ್ ದಂಡ' ಅನ್ನುವವರು ಇದ್ದಾರೆ. ಅದೇ ತಂಡ 2008ರಲ್ಲಿ ಮತ್ತೆ ನೋಡಿತು. ಕಿವುಡರಿಗೆ ಪಾಠ ಮಾಡಿ ಅನುಭವ ಇರುವ ಮೇಷ್ಟ್ರುಗಳು ಇದ್ದಾಗ ಆ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಕಲಿತ ಹೊಸ ವಿಷಯ ಬೇರೆಯವರಷ್ಟೇ ಇತ್ತು, ಮೇಷ್ಟ್ರೇ ಸನ್ನೆ ಮಾಡಲಿ, ಇಂಟರ್‌ಪ್ರಿಟರ್ ಮೂಲಕ ಹೇಳಲಿ. ಹಿಂದೆ ಇದ್ದದ್ದು ಕ್ಲಾಸಿಗೆ ಬರುವಾಗಲೇ ಹೊತ್ತು ತಂದ ತಿಳಿವಳಿಕೆಯಲ್ಲಿ.

ನಾನು ದಿನಾ ನೋಡುವುದೂ ಇದನ್ನೇ. ಒಬ್ಬ ಇಂಗ್ಲಿಷ್ ಮೇಡಂ ಇದ್ದಾರೆ, ಕಾಗದ ಕೊಟ್ಟು "ಓದಿ" ಅಂದವರು, ಎಲ್ಲರೂ ಓದಿ ತಲೆ ಎತ್ತುವವರೆಗೆ ಬಾಯಿ ಬಿಡುವುದಿಲ್ಲ. ಸ್ಲೈಡ್ ಹಿಂದಿನ ದಿನವೇ ವಾಟ್ಸಾಪಿಗೆ ಬರುತ್ತದೆ. ಅವರ ಕ್ಲಾಸಿನಲ್ಲಿ ನಾನು ಒಬ್ಬಳೇ ಇದ್ದರೂ ಹೇಗೋ ನಡೆಯುತ್ತದೆ. ಇನ್ನೊಬ್ಬರ ಕ್ಲಾಸಿನಲ್ಲಿ ನಾಲ್ಕು ಜನ ಇಂಟರ್‌ಪ್ರಿಟರ್ ನಿಂತರೂ ಪ್ರಯೋಜನ ಇಲ್ಲ. ಅವರು ಲೈಟ್ ಆಫ್ ಮಾಡಿ ಪ್ರೊಜೆಕ್ಟರ್ ಹಾಕುತ್ತಾರೆ. ಕತ್ತಲಲ್ಲಿ ಸನ್ನೆ ಭಾಷೆ!

ಸರಿ, ಕ್ಲಾಸಿಗೆ ಬರುವಾಗಲೇ ಹಿಂದೆ ಇರುವುದು ಯಾಕೆ? ಕಿವುಡ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳ ಅಪ್ಪ ಅಮ್ಮ ಕಿವಿ ಕೇಳುವವರು. ಅವರಿಗೆ ಸನ್ನೆ ಭಾಷೆ ಗೊತ್ತಿರುವುದಿಲ್ಲ, ಡಾಕ್ಟರು ಹೇಳುವುದಿಲ್ಲ, ಶಾಲೆ ಕಲಿಸುವುದಿಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ, ಕಿವುಡರಿಗೆ ಬಾಯಿಮಾತೇ ಶ್ರೇಷ್ಠ ಎಂದು ನಿರ್ಣಯ ಮಾಡಿತು. ನಿರ್ಣಯ ಮಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಅದರ ಗಾಳಿ ನಮ್ಮ ಶಾಲೆಗಳವರೆಗೂ ಬೀಸಿತು. ಅದೇ ಸಮ್ಮೇಳನ 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿತು. 130 ವರ್ಷ ಆಗಿತ್ತು. ನನ್ನ ಅಣ್ಣನ ಶಾಲೆಯಲ್ಲಿ ಕೈ ಆಡಿಸಿದರೆ ಕೈ ಮೇಲೇ ಪೆಟ್ಟು ಬೀಳುತ್ತಿತ್ತು. ಅವನು ಮತ್ತು ಅವನ ಗೆಳೆಯರು ಮಾತಾಡುತ್ತಿದ್ದದ್ದು ಹಾಸ್ಟೆಲಿನಲ್ಲಿ, ವಾರ್ಡನ್ ಇಲ್ಲದಾಗ.

ಹೀಗಾಗಿ ಡಿಗ್ರಿಗೆ ಬರುವ ಎಲ್ಲ ಕಿವುಡ ವಿದ್ಯಾರ್ಥಿಗಳಿಗೂ ಸನ್ನೆ ಭಾಷೆ ಬರುತ್ತದೆ ಅನ್ನುವುದೂ ತಪ್ಪು. ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ. ಮಾಮೂಲಿ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದವನ ನೋಟ್ಸ್ ನಕಲು ಮಾಡಿ, ಪಿಯುಸಿ ಪಾಸ್ ಮಾಡಿದ್ದ. ಅಕ್ಷರ ಮುತ್ತಿನ ಹಾಗೆ. ಬರೆದದ್ದು ಏನು ಅಂತ ಕೇಳಿದರೆ ಗೊತ್ತಿಲ್ಲ. ಅವನ ಹತ್ತಿರ ಇದ್ದದ್ದು ಮನೆಯ ಸನ್ನೆಗಳು. ನಾನು ಎಷ್ಟೇ ಚೆನ್ನಾಗಿ ಮಾಡಿದರೂ ಅವನಿಗೆ ಅದು ಬಾರದ ಭಾಷೆಯಲ್ಲಿ ಪಾಠ. ಅವನಿಗೆ ಆಗ ಬೇಕಾಗಿದ್ದದ್ದು ಭಾಷೆ ಕಲಿಸುವ ಒಬ್ಬ ಕಿವುಡ ಶಿಕ್ಷಕ. ಕಾಲೇಜಿನ ಕಡತದಲ್ಲಿ ಮಾತ್ರ 'ಇಂಟರ್‌ಪ್ರಿಟರ್ ಒದಗಿಸಲಾಗಿದೆ' ಅಂತ ಟಿಕ್ ಬಿದ್ದಿತ್ತು. ಕಿವುಡ ಗೆಳೆಯರ ಜೊತೆ ಭಾನುವಾರಗಳನ್ನು ಕಳೆದು ಅವನು ಭಾಷೆ ಹಿಡಿದ, ಕಾಲೇಜಿನ ಹೊರಗೆ. ಎರಡನೇ ವರ್ಷದಲ್ಲಿ ನಾನು ಅವನಿಗೆ ಉಪಯೋಗಕ್ಕೆ ಬಂದೆ.

ಬಿ.ಕಾಂ ಹುಡುಗಿಯ ಮಾತು ಬೇರೆ. ಅವಳು ಕಿವುಡರ ಶಾಲೆಯಿಂದ ಬಂದವಳು, ಸನ್ನೆ ನನಗಿಂತ ಚುರುಕು. ಅವಳಿಗೆ ಇಂಟರ್‌ಪ್ರಿಟರ್ ಸಿಕ್ಕಿದ್ದು ಡಿಗ್ರಿಯಲ್ಲೇ ಮೊದಲು. ಮೊದಲ ವಾರ ಮುಗಿದಾಗ ಏನು ಅನ್ನಿಸಿತು ಅಂತ ಕೇಳಿದೆ. ಪಾಠದ ಬಗ್ಗೆ ಏನೋ ಹೇಳುತ್ತಾಳೆ ಅಂದುಕೊಂಡಿದ್ದೆ. "ಬೇರೆಯವರೂ ಇಷ್ಟು ಪೆದ್ದು ಪ್ರಶ್ನೆ ಕೇಳ್ತಾರಾ?" ಅಂದಳು. ಇಷ್ಟು ವರ್ಷ, ಕಿವಿ ಕೇಳುವವರಿಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಗುತ್ತದೆ, ತನ್ನೊಬ್ಬಳಿಗೇ ಆಗುವುದಿಲ್ಲ ಎಂದು ಅವಳು ನಂಬಿದ್ದಳು.

ಇಂಥ ವಿಷಯಗಳು ಯಾವ ನೋಟ್ಸಿನಲ್ಲೂ ಇರುವುದಿಲ್ಲ. ನಮ್ಮ ಕಾಲೇಜುಗಳ ಅತಿ ಮುಖ್ಯ ವಾಕ್ಯ ಯಾವುದು ಗೊತ್ತಲ್ಲ, ಬೆಲ್ ಆದ ಮೇಲೆ ಪುಸ್ತಕ ಮುಚ್ಚುತ್ತಾ, ಬಾಗಿಲ ಕಡೆ ನಡೆಯುತ್ತಾ ಅರ್ಧ ದನಿಯಲ್ಲಿ ಬರುವುದು: "ಈ ಚಾಪ್ಟರ್ ಸ್ವಲ್ಪ ನೋಡ್ಕೊಳಿ, ಬರಬಹುದು." ಅದನ್ನು ತಪ್ಪಿಸಿಕೊಂಡ ವಿದ್ಯಾರ್ಥಿ 300 ಪುಟ ಓದುತ್ತಾನೆ. ಕೇಳಿಸಿಕೊಂಡವನು 40 ಪುಟ.

ಕೆಲಸದ ನಿಯಮಗಳು ಬಗೆಹರಿಯದ ಇನ್ನೊಂದು ಗೋಜಲು. ಹೇಳಿದ್ದನ್ನೆಲ್ಲ ತಲುಪಿಸಬೇಕು, ಸೇರಿಸಬಾರದು, ಕಳೆಯಬಾರದು. ಮೇಷ್ಟ್ರು ನನ್ನ ಕಡೆ ತಿರುಗಿ "ಅವಳಿಗೆ ಅರ್ಥ ಆಯ್ತಾ ಕೇಳಿ" ಅಂದರೆ ನಾನು ಅವಳಿಗೆ ಅದನ್ನೇ, ಅದೇ ಮಾತಿನಲ್ಲಿ, ಸನ್ನೆ ಮಾಡುತ್ತೇನೆ. ಅವಳು ನಗುತ್ತಾಳೆ. ಅವಳ ಉತ್ತರವನ್ನು ನಾನು ನನ್ನ ದನಿಯಲ್ಲಿ "ನನಗೆ ಅರ್ಥ ಆಗಿಲ್ಲ ಸಾರ್" ಅನ್ನುತ್ತೇನೆ. ಮೊದಮೊದಲು ಅವರು ನನಗೇ ಇನ್ನೊಮ್ಮೆ ವಿವರಿಸಲು ಶುರು ಮಾಡುತ್ತಿದ್ದರು! ಹಾಜರಿ ಹಾಕಿಸುವುದು, ಅವಳ ಫೀಸ್ ಬಾಕಿ ಕೇಳುವುದು, ಮನೆಯವರಿಗೆ ಫೋನ್ ಮಾಡಿ ಅಂತ ಹೇಳುವುದು, ಎಲ್ಲ ನನ್ನ ಹತ್ತಿರ ಬರುತ್ತದೆ. ಅವಳಿಗೆ 20 ವರ್ಷ. ಓಟು ಹಾಕುತ್ತಾಳೆ.

ವೈವಾ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿಯೇ ಬಿಟ್ಟರು. "ಇದು ಅವರ ಉತ್ತರವೋ ನಿಮ್ಮದೋ ನಮಗೆ ಹೇಗೆ ಗೊತ್ತಾಗ್ಬೇಕು?" ಕೇಳಬೇಕಾದ ಪ್ರಶ್ನೆಯೇ, ಕೋಪ ಮಾಡಿಕೊಳ್ಳುವಂಥದ್ದಲ್ಲ. ಇದಕ್ಕೆ ಸುಲಭದ ದಾರಿ ಇದೆ, ವಿಡಿಯೋ ಮಾಡಿ ಇಟ್ಟುಕೊಳ್ಳಿ, ಅನುಮಾನ ಬಂದರೆ ಸನ್ನೆ ಗೊತ್ತಿರುವ ಇನ್ನೊಬ್ಬರಿಗೆ ತೋರಿಸಿ. ನನಗೆ ನಗು ಬಂದದ್ದು ಯಾಕೆಂದರೆ ಅವರು ಕೇಳಿದ್ದು ಒಂದು ದಿಕ್ಕಿನ ಅನುಮಾನ ಮಾತ್ರ. ಸೆಮಿಸ್ಟರ್ ಪೂರ್ತಿ ಮೇಷ್ಟ್ರ ಮಾತನ್ನು ನಾನು ಸರಿಯಾಗಿ ತಲುಪಿಸಿದೆನಾ ಎಂದು ಯಾರಿಗೂ ಒಂದು ದಿನವೂ ಅನುಮಾನ ಬರಲಿಲ್ಲ. ನಿಜವಾಗಿ ಪರೀಕ್ಷೆ ಮಾಡಬೇಕಿದ್ದದ್ದು ಅದನ್ನು.

ನಮ್ಮ ಕಾನೂನು ಕಾಗದದ ಮೇಲೆ ಚೆನ್ನಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ 5% ಸೀಟು ಇಡಬೇಕು ಎಂದಿದೆ. ಸನ್ನೆ ಭಾಷೆ ಬಳಕೆಗೆ ಉತ್ತೇಜನ ಕೊಡಬೇಕು, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸಬೇಕು ಎಂದೂ ಇದೆ. ಯುಜಿಸಿ 2022ರಲ್ಲಿ ಕಾಲೇಜುಗಳಿಗೆಂದೇ ಮಾರ್ಗಸೂಚಿ ತಂದಿತು. ಸೀಟು ಸಿಗುತ್ತದೆ. ಸೀಟು ಸಿಕ್ಕ ಮೇಲೆ ಎದುರಿಗೆ ಯಾರೂ ಇರುವುದಿಲ್ಲ. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದೆ ಬಡಿಸಲು ಬಂದ ಹಾಗೆ. ಕೇಳಿದರೆ, "ನೀವೇ ಯಾರನ್ನಾದ್ರೂ ಕರ್ಕೊಂಡು ಬನ್ನಿ, ನಮ್ಮದೇನೂ ಅಭ್ಯಂತರ ಇಲ್ಲ." ಎಷ್ಟೋ ಮನೆಗಳಲ್ಲಿ ತಂಗಿಯೋ ತಮ್ಮನೋ ಅದೇ ಕೋರ್ಸಿಗೆ ಸೇರಿ ಪಕ್ಕದಲ್ಲಿ ಕೂರುತ್ತಾರೆ. ತಂಗಿಗೆ ಆ ಕೋರ್ಸ್ ಇಷ್ಟವಿತ್ತಾ ಅಂತ ಯಾರೂ ಕೇಳುವುದಿಲ್ಲ.

ಕಾಲೇಜುಗಳ ಕಡೆಯಿಂದಲೂ ಒಂದು ಮಾತು ನಿಜ. ಹುಡುಕಿದರೆ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಕೇಳಿಸಿಕೊಳ್ಳುವ ತೊಂದರೆ ಇರುವವರು 50 ಲಕ್ಷ. ದೇಶದಲ್ಲಿ ಸರ್ಟಿಫಿಕೇಟ್ ಇರುವ ಇಂಟರ್‌ಪ್ರಿಟರ್‌ಗಳ ಲೆಕ್ಕ ಇನ್ನೂ ನೂರುಗಳಲ್ಲಿದೆ. ಇರುವವರೂ ದೊಡ್ಡ ಊರುಗಳಲ್ಲಿ. ಅದರಲ್ಲಿ ಕಾಮರ್ಸ್ ಗೊತ್ತಿರುವವರು, ಕನ್ನಡ ಗೊತ್ತಿರುವವರು, ದಿನಕ್ಕೆ ಐದು ಗಂಟೆ ಬರಲು ಒಪ್ಪುವವರು ಅಂತ ಸೋಸುತ್ತಾ ಹೋದರೆ ಜಾಸ್ತಿ ಜನ ಉಳಿಯುವುದಿಲ್ಲ. ಒಂದು ಕಾನ್ಫರೆನ್ಸಿನ ಒಂದು ದಿನಕ್ಕೆ ಸಿಗುವ ದುಡ್ಡು ಕಾಲೇಜಿನಲ್ಲಿ ವಾರವೆಲ್ಲ ದುಡಿದರೂ ಸಿಗುವುದಿಲ್ಲ, ಹಾಗಿರುವಾಗ ಯಾಕೆ ಬರುತ್ತಾರೆ?

ಮಾತನ್ನು ಅಕ್ಷರವಾಗಿ ತೋರಿಸುವ ಮೊಬೈಲಿನ ಲೈವ್ ಕ್ಯಾಪ್ಶನ್ ಇದೆಯಲ್ಲ ಅಂತ ಈಗ ತುಂಬ ಜನ ಕೇಳುತ್ತಾರೆ. ಇಂಗ್ಲಿಷ್ ಚೆನ್ನಾಗಿ ಓದಬಲ್ಲವರಿಗೆ, ಇಂಗ್ಲಿಷಿನಲ್ಲೇ ಮಾತಾಡುವ ಮೇಷ್ಟ್ರಿದ್ದರೆ, ಅದು ನಿಜಕ್ಕೂ ಒಳ್ಳೆಯದು. ನಮ್ಮ ಮೇಷ್ಟ್ರ ಕನ್ನಡ-ಇಂಗ್ಲಿಷ್ ಕಲಸುಮೇಲೋಗರವನ್ನು ಅದು ಏನು ಮಾಡುತ್ತದೆ ಎಂದು ಒಮ್ಮೆ ಹಾಕಿ ನೋಡಿ, ಬೇಜಾರಾದಾಗ ಓದಿಕೊಂಡು ನಗಬಹುದು. ಕೋವಿಡ್ ಕಾಲದ ಆನ್‌ಲೈನ್ ಕ್ಲಾಸಿನಲ್ಲಿ ಮಾತ್ರ ಒಂದು ಸುಖ ಇತ್ತು. ಸ್ಲೈಡಿನ ಪಕ್ಕದಲ್ಲೇ ನನ್ನ ಚೌಕ, ರೆಕಾರ್ಡಿಂಗ್ ಬೇರೆ. ಕಣ್ಣು ಅತ್ತ ಇತ್ತ ಓಡಬೇಕಿರಲಿಲ್ಲ.

ಬೇರೆ ದಾರಿಗಳು ಇಲ್ಲ ಅಂತಲ್ಲ. ತಿರುವನಂತಪುರದ ನಿಶ್ ಸಂಸ್ಥೆಯಲ್ಲಿ ಕಿವುಡರಿಗೆಂದೇ ಡಿಗ್ರಿ ಕೋರ್ಸುಗಳಿವೆ, ಪಾಠ ಸನ್ನೆಯಲ್ಲಿ ನಡೆಯುತ್ತದೆ. ನಮ್ಮ ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ 1991ರಿಂದ ಇದೆ. ಕಿವುಡರೇ ಇರುವ ಕ್ಲಾಸಿನಲ್ಲಿ ಕೂರುವ ಸುಖ ಎಷ್ಟು ಅಂತ ಅಲ್ಲಿಂದ ಬಂದವರನ್ನು ಕೇಳಬೇಕು. ನನಗೆ ವೈಯಕ್ತಿಕವಾಗಿ ಅದು ಮಾಮೂಲಿ ಕಾಲೇಜು ಪ್ಲಸ್ ಇಂಟರ್‌ಪ್ರಿಟರ್‌ಗಿಂತ ಒಳ್ಳೆಯದು ಅನ್ನಿಸುತ್ತದೆ, ನನ್ನ ಕೆಲಸ ಹೋದರೂ ಪರವಾಗಿಲ್ಲ. ಆದರೆ ಅಲ್ಲಿ ಇರುವುದು ಕೆಲವೇ ಕೋರ್ಸು. ಸಾರಾ ಸನ್ನಿಯಂತೆ ಲಾ ಓದಬೇಕು ಅನ್ನುವವರು, ಸೈಕಾಲಜಿ ಬೇಕು ಅನ್ನುವವರು ಮಾಮೂಲಿ ಕಾಲೇಜಿಗೇ ಬರಬೇಕು.

ಈಗ ನಮ್ಮ ಕಾಲೇಜಿನಲ್ಲಿ ಅದೇ ಶುರುವಾಗಿದೆ. ಮುಂದಿನ ವರ್ಷಕ್ಕೆ ಒಬ್ಬ ಕಿವುಡ ಹುಡುಗಿ ಅರ್ಜಿ ಹಾಕಿದ್ದಾಳೆ. ಅವಳಿಗೆ ಬಿಸಿಎ ಬೇಕು. ಆಫೀಸಿನವರು, "ಇಂಟರ್‌ಪ್ರಿಟರ್ ಇರೋದು ಬಿ.ಕಾಂನಲ್ಲಿ, ಅಲ್ಲಿಗೇ ಸೇರಲಿ ಬಿಡಿ" ಅಂದರು. ಅವಳ ಅಪ್ಪ ಒಪ್ಪಿದರು. ಅವಳು ಒಪ್ಪಲಿಲ್ಲ. ಕಾಯ್ದೆಯ ಸೆಕ್ಷನ್ ನಂಬರ್ ಹಾಕಿ ಅವಳೇ ಪ್ರಿನ್ಸಿಪಾಲರಿಗೆ ಇಮೇಲ್ ಬರೆದಿದ್ದಾಳೆ, ಅದರಲ್ಲಿ ಒಂದು ಸಾಲು ನನಗೆ ತುಂಬ ಹಿಡಿಸಿತು: ಪ್ರೋಗ್ರಾಮಿಂಗ್ ಮೇಷ್ಟ್ರಿಗೆ ಸನ್ನೆ ಭಾಷೆ ಬರುವುದಿಲ್ಲವಾದ್ದರಿಂದ ಅವರಿಗೆ ಇಂಟರ್‌ಪ್ರಿಟರ್ ಕೊಡಬೇಕಾಗಿ ವಿನಂತಿ ಅಂತ. ಮೂರು ದಿನ ಉತ್ತರ ಇರಲಿಲ್ಲ. ಮೊನ್ನೆ ಬಂತು. ಇಲ್ಲ ಅಂದಿಲ್ಲ, ಅದೇ ದೊಡ್ಡದು. ಖರೀದಿ ನಿಯಮದ ಪ್ರಕಾರ ಮೂರು ಕೊಟೇಶನ್ ತರಬೇಕಂತೆ. ಸಿ ಪ್ಲಸ್ ಪ್ಲಸ್ ಪಾಠಕ್ಕೆ ಬರಬಲ್ಲ ಇಂಟರ್‌ಪ್ರಿಟರ್ ಈ ಊರಿನಲ್ಲಿ ನನಗೆ ಗೊತ್ತಿರುವುದು ಒಬ್ಬರೇ. ಉಳಿದ ಎರಡು ಕೊಟೇಶನ್ ಎಲ್ಲಿಂದ ತರುವುದು ಅಂತ ನಾನೂ ಆ ಹುಡುಗಿಯೂ ಯೋಚಿಸುತ್ತಿದ್ದೇವೆ. ನಿಮಗೆ ಯಾರಾದರೂ ಗೊತ್ತಿದ್ದರೆ ಹೇಳಿ.